ನಮ್ಮನ್ನು ಯಾರು ಕೇಳಿದರು?

2024ರ ನವೆಂಬರ್ ಒಂದನೆಯ ತಾರೀಖು ಶುಕ್ರವಾರವಾಗಿತ್ತು. ಕನ್ನಡ ರಾಜ್ಯೋತ್ಸವವೂ ಸಕಲ ಸಂತರ ಹಬ್ಬವೂ ಒಟ್ಟಿಗೆ ಬಂದ ದಿನ. ತಿಂಗಳ ಮೊದಲ ಶುಕ್ರವಾರವಾದ್ದರಿಂದ ಎಂದಿನಂತೆ ಅಸ್ವಸ್ಥರಿಗೂ ವೃದ್ಧರಿಗೂ ಪರಮಪ್ರಸಾದವನ್ನು ಕೊಂಡೊಯ್ಯುತ್ತಾ ವಿದ್ಯಾರಣ್ಯಪುರಂನ ಒಂದು ಮನೆಗೆ ಹೋದೆ. ಹಜಾರದಲ್ಲಿ ಟಿ.ವಿ. ಹಾಕಿತ್ತು. ದಕ್ಷಿಣ ಭಾರತದ ಇಬ್ಬರು ಮುಖ್ಯಮಂತ್ರಿಗಳು ಹಿಂದಿನ ತಿಂಗಳಷ್ಟೇ ಜನರು ಹೆಚ್ಚು ಮಕ್ಕಳನ್ನು ಪಡೆಯಬೇಕು ಎಂಬ ಅರ್ಥದಲ್ಲಿ ಮಾತನಾಡಿದ್ದರು. ಜನಸಂಖ್ಯೆ ಕಡಿಮೆಯಾದರೆ ಲೋಕಸಭೆಯಲ್ಲಿ ನಮ್ಮ ಸ್ಥಾನಗಳು ಕಡಿಮೆಯಾದಾವೆಂಬ ಅಳುಕು ಒಬ್ಬರದು, ಮುಂದೆ ದುಡಿಯುವ ಕೈಗಳು ಇಲ್ಲವಾದಾವೆಂಬ ಚಿಂತೆ ಇನ್ನೊಬ್ಬರದು. ಪ್ರಾರ್ಥನೆ ಮುಗಿದ ಮೇಲೆ ಅರವತ್ತೆಂಟು ದಾಟಿದ ಆ ಮನೆಯ ತಾಯಿ ಸಣ್ಣಗೆ ನಕ್ಕು ಹೇಳಿದರು: “ಸ್ವಾಮಿ, ಆವಾಗ ಬ್ಯಾಡ ಅಂದ್ರು. ಈಗ ಬೇಕು ಅಂತಾರೆ. ಆವಾಗ್ಲೂ ನನ್ನ ಯಾರೂ ಕೇಳ್ಲಿಲ್ಲ, ಈಗ್ಲೂ ನನ್ನ ಸೊಸೇನ ಯಾರೂ ಕೇಳ್ತಿಲ್ಲ.”

ಆಮೇಲೆ ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಹಜಾರದಲ್ಲಿ ಕುಳಿತು, ಕಾಫಿ ತಂದ ಸೊಸೆಯ ಮುಂದೆಯೇ ಆಡಿದ ಮಾತು. 1980ರ ಆಸುಪಾಸಿನಲ್ಲಿ, ಅವರಿಗೆ ಇಪ್ಪತ್ತನಾಲ್ಕು ವಯಸ್ಸಿದ್ದಾಗ, ಮೂರನೆಯ ಹೆರಿಗೆಯಾದ ಕೆಲವು ತಿಂಗಳಿಗೆ, ತವರಿನ ಕಡೆಯ ಒಂದು ಊರಿನಲ್ಲಿ ನಡೆದ ಶಿಬಿರಕ್ಕೆ ಅವರನ್ನು ಕರೆದೊಯ್ದರಂತೆ. ಗಂಡ ಒಪ್ಪಿದ್ದ, ಅತ್ತೆ ಒಪ್ಪಿದ್ದರು, ಕರೆದೊಯ್ದವರಿಗೆ ತಮ್ಮ ಲೆಕ್ಕ ಭರ್ತಿಯಾಗಬೇಕಿತ್ತು. ಸಾಲಾಗಿ ಮಲಗಿಸಿದರು, ಆಪರೇಷನ್ ಮಾಡಿದರು, ಕೈಗೆ ಸ್ವಲ್ಪ ಹಣ ಕೊಟ್ಟು ಕಳುಹಿಸಿದರು. ಎರಡು ವರ್ಷ ಕಳೆಯುವುದರೊಳಗೆ ನಡುವಿನ ಮಗು ಜ್ವರದಲ್ಲಿ ತೀರಿಕೊಂಡಿತು. ದುಃಖ ತೋಡಿಕೊಳ್ಳಲು ಹೋದಾಗ ಅಂದಿನ ಧರ್ಮಗುರುಗಳು, ಮಾಡಿಸಿಕೊಂಡದ್ದು ಮಹಾಪಾಪವೆಂದು ಗದರಿಸಿದರಂತೆ. ಏಳು ವರ್ಷ ಆ ತಾಯಿ ಗುಡಿಯ ಹಿಂದಿನ ಸಾಲಿನಲ್ಲೇ ನಿಂತರು. ಪರಮಪ್ರಸಾದದ ಹತ್ತಿರ ಸುಳಿಯಲಿಲ್ಲ. “ಆಪೀಸರೂ ಹೇಳಿದ್ರು, ಸ್ವಾಮಿಯೋರೂ ಹೇಳಿದ್ರು. ಕೇಳಿದೋರು ಯಾರೂ ಇಲ್ಲ.”

ನಾನು ಉತ್ತರ ಕೊಡದೆ ಎದ್ದು ಬಂದೆ. ಆದರೆ ದಾರಿಯುದ್ದಕ್ಕೂ, ಮೂವತ್ತು ವರ್ಷಗಳ ಹಿಂದೆ ಗುರುಮಠದಲ್ಲಿ ನೋಡಿದ್ದ ಒಂದು ಸಾಕ್ಷ್ಯಚಿತ್ರ ನೆನಪಾಗುತ್ತಲೇ ಇತ್ತು. ಕೇಳುವುದನ್ನೇ ಕೆಲಸವಾಗಿ ಮಾಡಿಕೊಂಡ ನಿರ್ದೇಶಕಿಯೊಬ್ಬರು ನಮ್ಮ ಬೆಂಗಳೂರಿನವರೇ ಇದ್ದಾರೆ. ಅವರು ದೀಪಾ ಧನರಾಜ್. ಅವರ ಕೆಲಸದ ಕಥೆಯನ್ನು, ಅದರಲ್ಲೂ ಈ ತಾಯಿಯ ಮಾತಿಗೆ ತಾಗುವ ಒಂದು ಚಿತ್ರದ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಆದರೆ ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ, ನಮ್ಮ ಮೈಸೂರಿಗೇ ಹೋಗಬೇಕು.

ಕುಟುಂಬ ಯೋಜನೆಯೆಂದರೆ ದಿಲ್ಲಿಯಿಂದ ಬಂದದ್ದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರ ಜೂನ್ 11ರಂದು ಮೈಸೂರು ಸರ್ಕಾರ ಒಂದು ಆದೇಶ ಹೊರಡಿಸಿತು. ಅದರಂತೆ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಸಲಹೆಯ ಚಿಕಿತ್ಸಾಲಯಗಳು ತೆರೆದವು. ಒಂದು ಸರ್ಕಾರವೇ ಮುಂದೆ ನಿಂತು ಇಂಥವನ್ನು ನಡೆಸಿದ್ದು ಜಗತ್ತಿನಲ್ಲೇ ಅದು ಮೊದಲು ಎನ್ನುತ್ತಾರೆ. ಅಲ್ಲಿಗೆ ಹೋಗುವುದು ಬಿಡುವುದು ಹೆಂಗಸಿನ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಯಾರೂ ಯಾರನ್ನೂ ಎಳೆದೊಯ್ಯಲಿಲ್ಲ. ಈ ವ್ಯತ್ಯಾಸವನ್ನು ದಯಮಾಡಿ ನೆನಪಿನಲ್ಲಿಡಿ.

ಸ್ವಾತಂತ್ರ್ಯಾನಂತರ, 1952ರಲ್ಲಿ, ಭಾರತವು ರಾಷ್ಟ್ರಮಟ್ಟದ ಕುಟುಂಬ ಯೋಜನೆಯನ್ನು ಅಂಗೀಕರಿಸಿದ ಮೊದಲ ದೇಶವಾಯಿತು. ಅಂದಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವರು, ಗಾಂಧೀಜಿಯವರ ಅನುಯಾಯಿ. ಕೃತಕ ಸಾಧನಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಡಾಕ್ಟರ್ ಅಬ್ರಹಾಂ ಸ್ಟೋನ್ ಎಂಬ ಅಮೆರಿಕದ ತಜ್ಞರ ಮಾರ್ಗದರ್ಶನದಲ್ಲಿ, ಋತುಚಕ್ರವನ್ನು ಲೆಕ್ಕ ಹಾಕಿ ಸಂಯಮದಿಂದಿರುವ ವಿಧಾನದ ಪ್ರಯೋಗ ಪ್ರಾರಂಭವಾಯಿತು. ಜಗದ್ಗುರು ಹನ್ನೆರಡನೇ ಭಕ್ತಿನಾಥರು, ಅಂದರೆ ಪೋಪ್ ಪಯಸ್ ಅವರು, ಇದೇ ವಿಧಾನಕ್ಕೆ 1951ರ ಅಕ್ಟೋಬರಿನಲ್ಲಿ, ಸೂಲಗಿತ್ತಿಯರನ್ನು ಉದ್ದೇಶಿಸಿ ಮಾತನಾಡುವಾಗ, ಮಾನ್ಯತೆ ನೀಡಿದ್ದರು. ಪ್ರಯೋಗಕ್ಕೆ ಆರಿಸಿಕೊಂಡ ಎರಡು ಜಾಗಗಳಲ್ಲಿ ಒಂದು ದಿಲ್ಲಿಯ ಲೋದಿ ಕಾಲೊನಿ. ಇನ್ನೊಂದು ಬೇರೆ ಯಾವುದೂ ಅಲ್ಲ, ಬೆಂಗಳೂರು–ಮೈಸೂರು ದಾರಿಯ ನಮ್ಮ ರಾಮನಗರ! ಅಕ್ಷರ ಬಾರದ ಹೆಂಗಸರು ದಿನಗಳನ್ನು ಎಣಿಸಲೆಂದು ಬಣ್ಣಬಣ್ಣದ ಮಣಿಗಳ ಸರಗಳನ್ನು ಹಂಚಲಾಯಿತು. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣವೆಂದರೆ ಸಂಯಮದ ದಿನ, ಇನ್ನೊಂದು ಬಣ್ಣವೆಂದರೆ ಅಡ್ಡಿಯಿಲ್ಲ. ನಮ್ಮ ಜಪಸರವೇ ನೆನಪಾಗುತ್ತದಲ್ಲವೇ? ಪ್ರಯೋಗ ಹೆಚ್ಚಿನ ಫಲ ಕೊಡಲಿಲ್ಲ. ಬಣ್ಣ ನೋಡಿ ನಡೆದುಕೊಳ್ಳಬೇಕಾದ ಗಂಡನ ಮರ್ಜಿ ಆ ಸರದಲ್ಲಿ ಪೋಣಿಸಿರಲಿಲ್ಲವೆಂದು ನನಗೆ ತೋರುತ್ತದೆ.

ಅರವತ್ತರ ದಶಕದಲ್ಲಿ ಮಾತಿನ ಧಾಟಿ ಬದಲಾಯಿತು. ಜನಸಂಖ್ಯಾ ಸ್ಫೋಟವೆಂಬ ಭಯ ಪಶ್ಚಿಮದ ದೇಶಗಳಲ್ಲಿ ಹಬ್ಬಿ, ನೆರವಿನ ಹಣದೊಂದಿಗೆ ನಮ್ಮಲ್ಲಿಗೂ ಬಂತು. ಸಲಹೆಯ ಜಾಗದಲ್ಲಿ ಗುರಿ ಬಂದಿತು: ಇಷ್ಟು ತಿಂಗಳಲ್ಲಿ, ಇಷ್ಟು ಆಪರೇಷನ್. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂನಲ್ಲಿ ನಡೆದ ಒಂದೇ ಶಿಬಿರದಲ್ಲಿ ಸುಮಾರು 63 ಸಾವಿರ ಗಂಡಸರಿಗೆ ಶಸ್ತ್ರಚಿಕಿತ್ಸೆಯಾಯಿತು. ಅದನ್ನು ದೇಶಕ್ಕೇ ಮಾದರಿಯೆಂದು ಹೊಗಳಿದರು. ಮುಂದೆ ತುರ್ತುಪರಿಸ್ಥಿತಿಯಲ್ಲಿ ಏನಾಯಿತೆಂಬುದು ಹಿರಿಯರಿಗೆ ಗೊತ್ತೇ ಇದೆ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ನಡೆದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ಸುಮಾರು 82 ಲಕ್ಷ. ಅದರಲ್ಲಿ ಸುಮಾರು 62 ಲಕ್ಷ ಗಂಡಸರವು. ಶಾಲಾ ಮೇಷ್ಟ್ರಿಂದ ಹಿಡಿದು ಪೊಲೀಸರವರೆಗೆ ಎಲ್ಲರಿಗೂ ಕೋಟಾ. ಈ ಶಸ್ತ್ರಚಿಕಿತ್ಸೆಗಳಿಂದಾದ 1,774 ಸಾವುಗಳನ್ನು ಶಾ ಆಯೋಗ ದಾಖಲಿಸಿತು. ಉತ್ತರದ ರಾಜ್ಯಗಳಲ್ಲಿ ಕಂಡ ಕ್ರೌರ್ಯ ದಕ್ಷಿಣದಲ್ಲಿ ಆ ಪ್ರಮಾಣದಲ್ಲಿ ಇರಲಿಲ್ಲವೆಂಬುದು ನಿಜ. ಆದರೂ ಗುರಿಯೆಂಬುದು ಇಲ್ಲಿಯೂ ಗುರಿಯೇ ಆಗಿತ್ತು.

1977ರ ಮಾರ್ಚ್‌ನಲ್ಲಿ ಜನರು ಮತದಿಂದ ಉತ್ತರ ಕೊಟ್ಟರು. ಆ ಉತ್ತರವನ್ನು ರಾಜಕಾರಣಿಗಳು ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು: ಗಂಡಸರ ತಂಟೆಗೆ ಹೋಗಬಾರದು! ಕುಟುಂಬ ಯೋಜನೆಗೆ ಕುಟುಂಬ ಕಲ್ಯಾಣವೆಂದು ಹೆಸರು ಬದಲಿಸಿದರು. ಶಿಬಿರ ಹೋಗಲಿಲ್ಲ, ಗುರಿ ಹೋಗಲಿಲ್ಲ. ಮೇಜಿನ ಮೇಲೆ ಮಲಗುವವರು ಮಾತ್ರ ಬದಲಾದರು. ಲ್ಯಾಪರೊಸ್ಕೋಪ್ ಎಂಬ ಹೊಸ ಉಪಕರಣ ಬಂದು ಹೆಂಗಸರ ಶಸ್ತ್ರಚಿಕಿತ್ಸೆ ಕೆಲವೇ ನಿಮಿಷಗಳ ಕೆಲಸವಾಯಿತು. ವಿದ್ಯಾರಣ್ಯಪುರಂನ ಆ ತಾಯಿ ಶಿಬಿರದ ಸಾಲಿನಲ್ಲಿ ಮಲಗಿದ್ದು ಈ ಕಾಲದಲ್ಲಿ.

ಇಷ್ಟೆಲ್ಲ ನಡೆಯುವಾಗ ಚಲನಚಿತ್ರವೇನು ಮಾಡುತ್ತಿತ್ತು? ನನ್ನ ಓರಗೆಯವರಿಗೆ ನೆನಪಿರಬೇಕು. ಮೈಸೂರಿನ ಶಾಂತಲಾ ಚಿತ್ರಮಂದಿರದಲ್ಲಿ (2020ರಲ್ಲಿ ಅದು ಮುಚ್ಚಿಹೋಯಿತು) ರಾಜ್‌ಕುಮಾರರ ಚಿತ್ರ ನೋಡಲು ಹೋದರೆ, ಅದಕ್ಕೂ ಮುನ್ನ ಫಿಲ್ಮ್ಸ್ ಡಿವಿಷನ್ನಿನ ಚಿತ್ರವನ್ನು ನೋಡಲೇಬೇಕಿತ್ತು. 1948ರಲ್ಲಿ ಸ್ಥಾಪನೆಯಾದ ಆ ಸರ್ಕಾರಿ ಸಂಸ್ಥೆಯ ಚಿತ್ರಗಳನ್ನು ತೋರಿಸುವುದು ದಶಕಗಳ ಕಾಲ ಎಲ್ಲ ಚಿತ್ರಮಂದಿರಗಳಿಗೂ ಕಡ್ಡಾಯವಾಗಿತ್ತು. ಅಣೆಕಟ್ಟು, ನೆರೆ ಪರಿಹಾರ, ಕೆಂಪು ತ್ರಿಕೋನ. ಗಂಭೀರವಾದ ಗಂಡು ಧ್ವನಿಯೊಂದು ನಮಗೆ ಬುದ್ಧಿ ಹೇಳುತ್ತಿತ್ತು. ತೆರೆಯ ಮೇಲಿನ ಬಡವರು ತುಟಿಪಿಟಕ್ಕೆನ್ನದೆ ನಗುತ್ತಿದ್ದರು. ಆರತಿಗೊಂದು ಕೀರ್ತಿಗೊಂದು ಎಂಬ ಘೋಷಣೆಯಂತೂ ನಮ್ಮೂರ ಗೋಡೆಗಳಿಗೆಲ್ಲ ಅಂಟಿಕೊಂಡಿತ್ತು. ಸಾಕ್ಷ್ಯಚಿತ್ರವೆಂದರೆ ಬೋರು ಹೊಡೆಸುವ ಚಿತ್ರವೆಂದು ಒಂದು ಇಡೀ ತಲೆಮಾರು ನಂಬಿದ್ದು ಹೀಗೆ. ಹೆಸರು ಸಾಕ್ಷ್ಯಚಿತ್ರ, ಆದರೆ ಸಾಕ್ಷಿಗೇ ಅಲ್ಲಿ ಬಾಯಿಲ್ಲ.

ಇಂಥ ಹೊತ್ತಿನಲ್ಲಿ, 1980ರಲ್ಲಿ, ಬೆಂಗಳೂರಿನಲ್ಲಿ ನಾಲ್ವರು ಸೇರಿ ‘ಯುಗಾಂತರ’ ಎಂಬ ಚಿತ್ರತಂಡ ಕಟ್ಟಿದರು. ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರ್ಯಾಕ್ಟರ್. ಮಹಿಳಾ ಚಳವಳಿಯ ಒಳಗಿನಿಂದಲೇ ಹುಟ್ಟಿದ ತಂಡವದು. ಮೊದಲ ಚಿತ್ರ ‘ಮೋಲ್ಕರೀಣ್’ (1981) ಪುಣೆಯ ಮನೆಗೆಲಸದ ಹೆಂಗಸರು ಸಂಘಟಿತರಾದ ಕಥೆ. ಎರಡನೆಯದು ನಮ್ಮ ರಾಜ್ಯದ್ದು, ಬೆಳಗಾವಿ ಜಿಲ್ಲೆಯ ನಿಪ್ಪಾಣಿಯದು.

ನಿಪ್ಪಾಣಿ ಗಡಿನಾಡು, ಹೊಗೆಸೊಪ್ಪಿನ ನಾಡು. ಅಲ್ಲಿನ ಗೋದಾಮುಗಳಲ್ಲಿ ಹೊಗೆಸೊಪ್ಪನ್ನು ಕುಟ್ಟುವ, ಜರಡಿ ಹಿಡಿಯುವ ಕೆಲಸ ಹೆಂಗಸರದು. ಆ ಧೂಳು ಮೂಗು, ಗಂಟಲು, ಎದೆಗೆ ಹೋಗುತ್ತದೆ. ಸಂಜೆ ಮನೆಗೆ ಬಂದರೂ ಸೀರೆಯಿಂದ ಬಿಡದು. ಕೂಲಿ ಅತ್ಯಲ್ಪ, ದುಡಿಮೆಯ ಹೊತ್ತಿಗೆ ಮಿತಿಯಿಲ್ಲ, ಮೇಸ್ತ್ರಿಗಳ ಕಾಟ ಬೇರೆ. ಈ ಹೆಂಗಸರು ಒಂದುಗೂಡಿ ಸಂಘ ಕಟ್ಟಿದರು, ಮುಷ್ಕರ ಹೂಡಿದರು. ಯುಗಾಂತರದವರು ಅಲ್ಲಿಗೆ ಹೋಗಿ ಕೂಡಲೇ ಕ್ಯಾಮೆರಾ ತೆರೆಯಲಿಲ್ಲ. ಸುಮಾರು ನಾಲ್ಕು ತಿಂಗಳು ಆ ಕಾರ್ಮಿಕ ಹೆಂಗಸರ ಜೊತೆಗಿದ್ದು, ಅವರ ಮಾತು ಕೇಳಿ, ಚಿತ್ರದಲ್ಲಿ ಏನಿರಬೇಕೆಂಬುದನ್ನು ಅವರೊಂದಿಗೆ ಚರ್ಚಿಸಿದರು. ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಮರಾಠಿ ಹೆಸರಿನ ಆ ಚಿತ್ರ 1982ರದು. ಅವಧಿ 25 ನಿಮಿಷ ಮಾತ್ರ. ನಾಲ್ಕು ತಿಂಗಳು ಕೇಳಿ ಇಪ್ಪತ್ತೈದು ನಿಮಿಷ ಹೇಳುವುದು! ಪ್ರತಿ ಭಾನುವಾರ ಪ್ರಬೋಧನೆ ಮಾಡುವ ನಮ್ಮಂಥವರು ಈ ಲೆಕ್ಕವನ್ನು ಸ್ವಲ್ಪ ನಾಚಿಕೆಯಿಂದಲೇ ನೋಡಬೇಕು.

ಆ ದಿನಗಳ ನಿಪ್ಪಾಣಿ ಎಷ್ಟು ಬಿಸಿಯಾಗಿತ್ತೆಂಬುದಕ್ಕೆ ಇನ್ನೊಂದು ಸಂಗತಿ ಸಾಕು. ಹೊಗೆಸೊಪ್ಪು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತಾಗ, 1981ರ ಏಪ್ರಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ ರೈತರು ಪ್ರಾಣ ಕಳೆದುಕೊಂಡರು. ರೈತರ ಆ ಚಳವಳಿ ಪತ್ರಿಕೆಗಳಲ್ಲಿ ಬಂತು. ಅದೇ ಊರಿನ ಗೋದಾಮಿನೊಳಗೆ ಕೆಮ್ಮುತ್ತಿದ್ದ ಹೆಂಗಸರ ಮಾತು ಉಳಿದದ್ದು ಈ ಪುಟ್ಟ ಚಿತ್ರದಿಂದ.

1983ರಲ್ಲಿ ಯುಗಾಂತರದ ಇನ್ನೆರಡು ಚಿತ್ರಗಳು ಬಂದವು. ನಂತರ ದೀಪಾ ಅವರು 1984ರ ಹೈದರಾಬಾದ್ ಗಲಭೆಗಳ ಕುರಿತು ‘ಕ್ಯಾ ಹುವಾ ಇಸ್ ಶಹರ್ ಕೋ?’ (1986) ಎಂಬ ದೀರ್ಘ ಚಿತ್ರ ಮಾಡಿದರು. ಹಳೆ ನಗರದಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದಕ್ಕಿದ್ದಂತೆ ಹೊಡೆದಾಡಲಿಲ್ಲ. ಎರಡೂ ಕಡೆಯ ಮುಖಂಡರ ಮತದ ಲೆಕ್ಕಾಚಾರ ಅದರ ಹಿಂದಿತ್ತು, ಸತ್ತವರು ಮಾತ್ರ ದಿನಗೂಲಿಯ ಬಡವರು ಎಂದು ತೋರಿಸಿದ ಚಿತ್ರವದು. ಆ ಬಗ್ಗೆ ಬರೆಯಹೊರಟರೆ ಇನ್ನೊಂದು ಲೇಖನವೇ ಆದೀತು. ನಾನು ಹೇಳಹೊರಟದ್ದಕ್ಕೆ ಬರುತ್ತೇನೆ.

1991ರಲ್ಲಿ ಅವರು ‘ಸಮ್‌ಥಿಂಗ್ ಲೈಕ್ ಎ ವಾರ್’ ಎಂಬ 52 ನಿಮಿಷಗಳ ಚಿತ್ರ ತೆಗೆದರು. ಯುದ್ಧದಂಥದ್ದೇನೋ ಎಂದು ಕನ್ನಡದಲ್ಲಿ ಹೇಳಬಹುದು. ಕ್ಯಾಮೆರಾ ನವ್ರೋಜ್ ಅವರದೇ. ಚಿತ್ರ ನಮ್ಮನ್ನು ಒಂದು ಶಿಬಿರದೊಳಕ್ಕೆ ಕರೆದೊಯ್ಯುತ್ತದೆ. ಹೆಂಗಸರನ್ನು ಒಬ್ಬರ ಹಿಂದೊಬ್ಬರಂತೆ ತಂದು ಮಲಗಿಸುತ್ತಾರೆ, ಕೆಲಸ ಮುಗಿದೊಡನೆ ಎಬ್ಬಿಸಿ ಒಯ್ಯುತ್ತಾರೆ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ತಮ್ಮ ವೇಗದ ಬಗ್ಗೆ, ತಾವು ಮಾಡಿದ ಸಂಖ್ಯೆಯ ಬಗ್ಗೆ ಅಭಿಮಾನದಿಂದ ಮಾತನಾಡುತ್ತಾರೆ. ಅವರು ದುಷ್ಟರಂತೆ ಕಾಣುವುದಿಲ್ಲ. ಅದೇ ಭಯ ಹುಟ್ಟಿಸುವುದು. ದೇಶಸೇವೆ ಮಾಡುತ್ತಿದ್ದೇನೆಂಬ ನಂಬಿಕೆ ಆ ಮುಖದ ಮೇಲಿದೆ. ಎದುರಿಗಿರುವ ಹೆಂಗಸಿನ ಮುಖದ ಕಡೆ ನೋಟವಿಲ್ಲ.

ಇದರ ನಡುನಡುವೆ ಇನ್ನೊಂದು ದೃಶ್ಯ ಬರುತ್ತದೆ. ಹಳ್ಳಿಯ ಹೆಂಗಸರು ವೃತ್ತಾಕಾರವಾಗಿ ನೆಲದ ಮೇಲೆ ಕುಳಿತಿದ್ದಾರೆ. ನಡುವೆ ಹೆಣ್ಣಿನ ದೇಹದ ರೇಖಾಚಿತ್ರವಿದೆ. ಅದನ್ನು ನೋಡುತ್ತಾ ಮುಟ್ಟು, ಬಸಿರು, ಬಯಕೆ, ಗಂಡನ ಬಲವಂತ, ಗಂಡುಮಗುವಿಗಾಗಿ ಅತ್ತೆಯ ಒತ್ತಾಯ, ಸತ್ತ ಕೂಸು, ಆಪರೇಷನ್ನಿನ ನಂತರ ಬಿಡದ ಸೊಂಟನೋವು ಎಲ್ಲವನ್ನೂ ಮಾತನಾಡುತ್ತಾರೆ. ನಾಚುತ್ತಾರೆ, ನಗುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸುತ್ತಾರೆ. ಇತ್ತ ಅಂಕಿಸಂಖ್ಯೆಗಳು, ಅತ್ತ ಈ ಮಾತು. ಎರಡೂ ಒಂದೇ ದೇಹದ ಬಗ್ಗೆ ಎಂಬುದನ್ನು ನಂಬುವುದೇ ಕಷ್ಟ. ಹೊಸ ಗರ್ಭನಿರೋಧಕಗಳ ಪ್ರಯೋಗಗಳ ಕುರಿತೂ ಚಿತ್ರ ಪ್ರಶ್ನೆಯೆತ್ತುತ್ತದೆ. ಅದು ಊಹೆಯ ಮಾತಾಗಿರಲಿಲ್ಲ: 1985ರಲ್ಲಿ ಹೈದರಾಬಾದ್ ಸಮೀಪದ ಪಟಾಂಚೆರುವಿನಲ್ಲಿ ‘ನೆಟ್-ಎನ್’ ಎಂಬ ಚುಚ್ಚುಮದ್ದಿನ ಪ್ರಯೋಗ ನಡೆದಾಗ, ಅದು ಪ್ರಯೋಗವೆಂಬುದೇ ಹೆಂಗಸರಿಗೆ ತಿಳಿದಿರಲಿಲ್ಲವೆಂದು ಮಹಿಳಾ ಸಂಘಟನೆಗಳು ಮರುವರ್ಷ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದವು.

ತೊಂಬತ್ತರ ದಶಕದ ಮಧ್ಯದಲ್ಲಿ ನಮ್ಮ ಗುರುಮಠದ ಸಭಾಂಗಣದಲ್ಲಿ ಈ ಚಿತ್ರದ ವಿಡಿಯೋ ಕ್ಯಾಸೆಟ್ ಹಾಕಿದರು. ನಾವು ಮೂವತ್ತು ನಲವತ್ತು ಮಂದಿ ಗುರು ಅಭ್ಯರ್ಥಿಗಳು. ಚಿತ್ರ ಮುಗಿದಾಗ ಚಪ್ಪಾಳೆ ತಟ್ಟಿದೆವು. ನಮ್ಮ ಲೆಕ್ಕ ಸುಲಭವಾಗಿತ್ತು. ಜಗದ್ಗುರು ಆರನೇ ಪೌಲರು 1968ರ ಜುಲೈನಲ್ಲಿ ‘ಹ್ಯುಮಾನೆ ವಿತೆ’ ಎಂಬ ವಿಶ್ವಪರಿಪತ್ರ ಹೊರಡಿಸಿದಾಗ ಜಗತ್ತೆಲ್ಲ ನಕ್ಕಿತ್ತು. ಕುಟುಂಬಗಳ ಅತ್ಯಂತ ಆಪ್ತ ವಿಷಯದಲ್ಲಿ ಮುಂದೊಂದು ದಿನ ಸರ್ಕಾರಗಳೇ ಬಲವಂತ ಮಾಡಿಯಾವೆಂದು ಆ ಪತ್ರದಲ್ಲಿ ಅವರು ಎಚ್ಚರಿಸಿದ್ದರು. ಎಂಟೇ ವರ್ಷದಲ್ಲಿ ನಮ್ಮ ದೇಶದಲ್ಲಿ ಹಾಗೆಯೇ ಆಯಿತಲ್ಲ! ಧರ್ಮಸಭೆಯದೇ ಸರಿ ಎಂಬುದಕ್ಕೆ ಧರ್ಮಸಭೆಯ ಹೊರಗಿನವರೇ ಸಾಕ್ಷಿ ನುಡಿದಿದ್ದಾರೆ ಎಂದು ನಾನೇ ಎದ್ದು ನಿಂತು ಹೇಳಿದೆ.

ಅಂದು ಅತಿಥಿಯಾಗಿ ಬಂದಿದ್ದ ಸಿಸ್ಟರೊಬ್ಬರು ಹಳ್ಳಿಗಳಲ್ಲಿ ಬಹುಕಾಲ ದಾದಿಯಾಗಿ ದುಡಿದವರು. ನನ್ನ ಮಾತು ಮುಗಿಯಲೆಂದು ಕಾದು, “ಬ್ರದರ್, ಆ ಹೆಂಗಸರು ಏನು ಹೇಳಿದರು, ಹೇಳಿ ನೋಡೋಣ” ಎಂದರು. ನಾನು ಶಿಬಿರದ ದೃಶ್ಯವನ್ನು ವರ್ಣಿಸತೊಡಗಿದೆ. “ಅದಲ್ಲ. ವೃತ್ತದಲ್ಲಿ ಕುಳಿತವರು.” ನನಗೆ ಒಂದು ವಾಕ್ಯವೂ ನೆನಪಿರಲಿಲ್ಲ. ಮುಟ್ಟಿನ ಮಾತು ಬಂದಾಗ ನಾವೆಲ್ಲ ತಲೆ ತಗ್ಗಿಸಿ ಕುಳಿತಿದ್ದೆವು. ಸಿಸ್ಟರ್ ಮತ್ತೇನೂ ಹೇಳಲಿಲ್ಲ; ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ಆ ಭಾಗವನ್ನಷ್ಟೇ ಇನ್ನೊಮ್ಮೆ ಹಾಕಿಸಿದರು.

ಎರಡನೆಯ ಸಲ ಕೇಳಿದಾಗ ಚಿತ್ರ ನಮ್ಮ ಪಕ್ಷದ ಸಾಕ್ಷಿಯಾಗಿ ಉಳಿಯಲಿಲ್ಲ. ಆ ಹೆಂಗಸರಲ್ಲಿ ಯಾರೂ ವರ್ಷಕ್ಕೊಂದು ಹೆರುತ್ತೇವೆ ಎನ್ನುವವರಲ್ಲ. ಸಾಕಾದಾಗ ಸಾಕೆನ್ನುವ ಅಧಿಕಾರ ಅವರಿಗೆ ಬೇಕು. ಗಂಡ ಮೈಮೇಲೆ ಬಿದ್ದಾಗ ಬೇಡವೆನ್ನುವ ಅಧಿಕಾರ ಬೇಕು. ದೀಪಾ ಧನರಾಜರ ತಕರಾರು ಗರ್ಭನಿರೋಧದ ಮೇಲಲ್ಲ, ಒಪ್ಪಿಗೆಯಿಲ್ಲದೆ ಅದನ್ನು ಹೇರುವುದರ ಮೇಲೆ. ಧರ್ಮಸಭೆಯ ಬೋಧನೆಯನ್ನು ಸಾರಬೇಕಾದವನು ನಾನು; ಅದನ್ನು ಇಲ್ಲಿ ಸಡಿಲಗೊಳಿಸುತ್ತಿಲ್ಲ. ಆದರೆ ಇನ್ನೊಬ್ಬರ ಸಾಕ್ಷ್ಯವನ್ನು ಅರ್ಧ ಕತ್ತರಿಸಿ ನಮ್ಮ ವಾದಕ್ಕೆ ಅಂಟಿಸಿಕೊಳ್ಳುವುದು ಸುಳ್ಳುಸಾಕ್ಷಿಗೆ ಬಹಳ ದೂರವಲ್ಲ. ಜೆರಿಕೋ ಪಟ್ಟಣದ ದಾರಿಯಲ್ಲಿ ಕೂಗಿ ಕರೆದ ಅಂಧ ಬಾರ್ತಿಮಾಯನಿಗೆ ಬೇಕಾದುದೇನೆಂಬುದು ಯಾರಿಗೆ ತಾನೇ ತಿಳಿಯುತ್ತಿರಲಿಲ್ಲ? ಆದರೂ ಯೇಸುಸ್ವಾಮಿ ಮೊದಲು ಅವನನ್ನೇ ಕೇಳಿದರು.

ಮೂರು ವರ್ಷಗಳ ನಂತರ, 1994ರಲ್ಲಿ, ದೀಪಾ ಅವರು ಮಾಲ್ಥಸನ ಪರಂಪರೆಯ ಕುರಿತು ಇನ್ನೊಂದು ಚಿತ್ರ ಮಾಡಿದರು. ಬಡವರ ಹಸಿವಿಗೆ ಬಡವರ ಮಕ್ಕಳೇ ಕಾರಣವೆಂಬ ವಾದವನ್ನು 1798ರಲ್ಲಿ ಪುಸ್ತಕವಾಗಿ ಮಂಡಿಸಿದ ಥಾಮಸ್ ಮಾಲ್ಥಸ್, ಆಂಗ್ಲಿಕನ್ ಸಭೆಯ ಪಾದ್ರಿ! ಹೆರುವವರನ್ನು ಗದರಿಸುವ ವಿಷಯದಲ್ಲಿ ಅಧಿಕಾರಿಗಳಿಗಿಂತ ಮೊದಲು ನಿಲುವಂಗಿಯವರೇ ಇದ್ದೆವೆಂದು ಇದರಿಂದ ತಿಳಿಯುತ್ತದೆ.

ಸಾಕ್ಷ್ಯಚಿತ್ರವೊಂದು ಸರ್ಕಾರವನ್ನು ಬದಲಿಸಿತೆಂದು ನಾನು ಹೇಳಲಾರೆ. 1994ರ ಕೈರೋ ಸಮ್ಮೇಳನದಲ್ಲಿ ಜಗತ್ತಿನ ದೇಶಗಳು ಸಂಖ್ಯೆಯ ಗುರಿಗಳನ್ನು ಬಿಟ್ಟು ಹೆಣ್ಣಿನ ಆರೋಗ್ಯ ಮತ್ತು ಹಕ್ಕನ್ನು ಮುಂದಿಟ್ಟವು. 1996ರ ಏಪ್ರಿಲ್‌ನಿಂದ ಭಾರತವೂ ಕಾಗದದ ಮೇಲೆ ಗುರಿಗಳನ್ನು ಕೈಬಿಟ್ಟಿತು. ವರ್ಷಗಟ್ಟಲೆ ಹೋರಾಡಿದ ಮಹಿಳಾ ಸಂಘಟನೆಗಳ ಪಾಲು ಇದರಲ್ಲಿ ದೊಡ್ಡದು. ಅವರ ಕೈಯಲ್ಲಿ ಈ ಚಿತ್ರವೂ ಇತ್ತು. ಆದರೆ ಶಿಬಿರಗಳು? 2012ರ ಜನವರಿಯಲ್ಲಿ ಬಿಹಾರದ ಅರಾರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ, ಟಾರ್ಚ್ ಬೆಳಕಿನಲ್ಲಿ, ಎರಡು ಗಂಟೆಗಳೊಳಗೆ 53 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಲಾಯಿತು. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿ ಒಂದೇ ದಿನ, ಒಬ್ಬರೇ ವೈದ್ಯರು 83 ಹೆಂಗಸರಿಗೆ ಮಾಡಿದರು. ಹದಿಮೂರು ಜನ ತೀರಿಕೊಂಡರು. ಪತ್ರಿಕೆಯಲ್ಲಿ ಆ ಸುದ್ದಿ ಓದಿದಾಗ ಇಪ್ಪತ್ಮೂರು ವರ್ಷ ಹಿಂದಿನ ಚಿತ್ರವನ್ನೇ ಯಾರೋ ಮತ್ತೆ ಹಾಕಿದಂತೆನಿಸಿತು. ಕೊನೆಗೆ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 14ರಂದು, ದೇವಿಕಾ ಬಿಸ್ವಾಸ್ ಎಂಬವರು ಹೂಡಿದ ಮೊಕದ್ದಮೆಯಲ್ಲಿ, ಮೂರು ವರ್ಷಗಳೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕೆಂದು ತೀರ್ಪಿತ್ತಿತು. ಭಾರ ಇಂದಿಗೂ ಯಾರ ಮೇಲಿದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 37.9ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಂದಿರು ಮಾಡಿಸಿಕೊಂಡ ಕುಟುಂಬಗಳು ನೂರಕ್ಕೆ 0.3. ಕರ್ನಾಟಕದಲ್ಲಿ ಹೆಂಗಸರ ಪ್ರಮಾಣ ಅರ್ಧಕ್ಕಿಂತಲೂ ಹೆಚ್ಚು. ನಮ್ಮ ಧರ್ಮಕೇಂದ್ರದ ಕುಟುಂಬಗಳು ಈ ಲೆಕ್ಕದ ಹೊರಗಿವೆಯೆಂದು ನಟಿಸುವುದು ಬೇಡ.

ದೀಪಾ ಅವರು ಕೇಳುವುದನ್ನು ನಿಲ್ಲಿಸಲಿಲ್ಲ. ತಮಿಳುನಾಡಿನಲ್ಲಿ ಮುಸ್ಲಿಂ ಹೆಂಗಸರು, ಗಂಡಸರೇ ಕುಳಿತು ತಮ್ಮ ಬದುಕನ್ನು ತೀರ್ಮಾನಿಸುವುದು ಸಾಕೆಂದು 2004ರಲ್ಲಿ ತಮ್ಮದೇ ಜಮಾತ್ ಕಟ್ಟಿದ್ದರು. ಅವರ ಕುರಿತ ‘ಇನ್ವೋಕಿಂಗ್ ಜಸ್ಟಿಸ್’ 2011ರಲ್ಲಿ ಬಂತು. ಹೈದರಾಬಾದಿನಲ್ಲಿ 2016ರ ಜನವರಿಯಲ್ಲಿ ಪ್ರಾಣ ಬಿಟ್ಟ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲಾ ಮತ್ತು ನಂತರದ ವಿದ್ಯಾರ್ಥಿ ಚಳವಳಿಯ ಕುರಿತು 2018ರಲ್ಲಿ ‘ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ’ ಮಾಡಿದರು. ನವ್ರೋಜ್ ಕಾಂಟ್ರ್ಯಾಕ್ಟರ್ 2023ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು. ಯುಗಾಂತರದ ಹಳೆಯ ಚಿತ್ರಗಳನ್ನು ಬರ್ಲಿನ್ನಿನ ಒಂದು ಸಂಸ್ಥೆ ದುರಸ್ತಿ ಮಾಡಿ ಉಳಿಸಿದೆ. ನಿಪ್ಪಾಣಿಯ ಹೆಂಗಸರ ಮಾತನ್ನು ಜೋಪಾನ ಮಾಡಲು ಜರ್ಮನಿಯವರು ಬರಬೇಕಾಯಿತು.

ಡಿಸೆಂಬರಿನ ಮೊದಲ ಶುಕ್ರವಾರ ಆ ತಾಯಿಯ ಮನೆಗೆ ಹೋದಾಗ ಈ ಚಿತ್ರದ ವಿಷಯ ಹೇಳಿದೆ. ನೋಡಬೇಕೆಂದರು. ಸೊಸೆಯ ಮೊಬೈಲಿನಲ್ಲಿ ಹೆಂಗಸರು ವೃತ್ತದಲ್ಲಿ ಕುಳಿತ ಭಾಗವನ್ನು ಹಾಕಿದೆವು. ಹಿಂದಿ ಅವರಿಗೆ ಅಷ್ಟಾಗಿ ಬಾರದು. ಸೊಸೆ ಪಿಸುದನಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಒಂದೆರಡು ಕಡೆ ನನ್ನ ಮುಖ ನೋಡಿ ನಿಲ್ಲಿಸಿದಳು. ನಾನು ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ನಿಂತೆ. ಚಾಮುಂಡಿಬೆಟ್ಟದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಒಳಗಿನಿಂದ ಅತ್ತೆ ಸೊಸೆ ಇಬ್ಬರೂ ನಗುವುದು ಕೇಳಿಸಿತು. ಮತ್ತೆ ಒಳಗೆ ಬರುವಷ್ಟರಲ್ಲಿ ತೆರೆಯ ಮೇಲೆ ಶಿಬಿರದ ದೃಶ್ಯ ಶುರುವಾಗಿತ್ತು. ನಗು ನಿಂತಿತ್ತು. ಆ ತಾಯಿ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಅಂಗೈಯಿಂದ ಮೊಬೈಲನ್ನು ಮುಚ್ಚಿದರು.

“ಸ್ವಾಮಿ, ಅಲ್ಲಿ ಕೂತು ಮಾತಾಡಿದೋರು ಸರಿ, ಅವರಾಗಿ ಮಾತಾಡವ್ರೆ. ಹಿಂಗೆ ಮಲಗಿರೋರ್ನ ಕೇಳಿ ಪಟ ಹಿಡಿದ್ರಾ?”

ಸೊಸೆ ನನ್ನತ್ತ ನೋಡಿದಳು. ನಾನು ಪರಮಪ್ರಸಾದದ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು, “ಒಳ್ಳೆಯ ಪ್ರಶ್ನೆ ಅಮ್ಮ” ಎಂದೆ. “ಪ್ರಶ್ನೆ ಒಳ್ಳೇದೋ ಕೆಟ್ಟದ್ದೋ, ಉತ್ತರ ಹೇಳಿ” ಎಂದರು ಆ ತಾಯಿ.